ಕತ್ತರಿ ಮಾಮನ ಮೀನಖಂಡ

ಐವತ್ತೆರಡು ವರ್ಷ ನಿಂತೇ ದುಡಿದ ಮನುಷ್ಯನಿಗೆ ಎಪ್ಪತ್ತೆಂಟರಲ್ಲಿ ನಡೆಯುವುದು ಕಷ್ಟವಾಯಿತು. ಗಿರಾಕಿಗಳು ಅವರನ್ನು ಕತ್ತರಿ ಮಾಮ ಎನ್ನುತ್ತಿದ್ದರು. ಕ್ಷೌರದಂಗಡಿಯನ್ನು ಈಗ ಭಾವಮೈದುನ ನಡೆಸುತ್ತಿದ್ದ. ಮಾಮ ಬೆಳಿಗ್ಗೆ ಹೋಗಿ ಹಳೆಯ ನಾಲ್ಕಾರು ತಲೆಗಳನ್ನು ನೋಡಿಕೊಂಡು ಬರುತ್ತಿದ್ದರು. ಮನೆಯಿಂದ ಅಂಗಡಿಗೆ ಮುನ್ನೂರು ಮೀಟರು. ಎಂಬತ್ತು ಮೀಟರು ದಾಟುವಷ್ಟರಲ್ಲಿ ಬಲಗಾಲಿನ ಮೀನಖಂಡವನ್ನು ಯಾರೋ ಒದ್ದೆ ಬಟ್ಟೆಯಂತೆ ಹಿಂಡುತ್ತಿದ್ದರು. ಎರಡು ನಿಮಿಷ ನಿಂತರೆ ನೋವು ಮಾಯ.

ತೊಡೆಯ ರಕ್ತನಾಳ ಕಟ್ಟಿಕೊಂಡಿದೆ ಎಂದು ಸರ್ಜನ್ ಹೇಳಿದರು. ಆಪರೇಷನ್ ಮಾಡಿ ರಕ್ತಕ್ಕೆ ಬದಲಿ ದಾರಿ ಜೋಡಿಸಬೇಕು. ಆದರೆ ಅದಕ್ಕೆ ಮೊದಲು ಅವರು ಮಾಮನನ್ನು ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿದರು. ಇಪ್ಪತ್ತನಾಲ್ಕು ಸೆಕೆಂಡು ಹಿಡಿಯಿತು. ಕೈ ಹಿಡಿತ ಅಳೆಯುವ ಯಂತ್ರವನ್ನು ಮಾತ್ರ ಮಾಮ ಹಿಚುಕಿದ ರಭಸಕ್ಕೆ ನರ್ಸ್ ನಕ್ಕಳು.

"ಕೈ ಪಾಸು, ಕಾಲು ಫೇಲು," ಎಂದರು ಸರ್ಜನ್. "ಕಾಲಿನ ಕೆಲಸ ನಾನು ಮಾಡ್ತೀನಿ. ಆದ್ರೆ ಆಪರೇಷನ್ ತಡ್ಕೊಳ್ಳೋ ಶಕ್ತಿ ನಿಮ್ಮ ಮೈಯಲ್ಲಿರ್ಬೇಕು. ಆರು ವಾರ ನಡೀರಿ."

ನಡಿಗೆ ಕಲಿಸುವ ಫಿಸಿಯೋ ಮೂವತ್ತರ ಆಸುಪಾಸಿನ ಹೆಂಗಸು. ಅವಳು ಮಾಮನ ಮೀನಖಂಡವನ್ನು ಬೆರಳಿನಿಂದ ಒತ್ತಿ ನೋಡಿದಳು.

"ಇದರ ಒಂದೊಂದು ಜೀವಕೋಶದಲ್ಲೂ ಸಣ್ಣ ಸಣ್ಣ ಒಲೆಗಳಿವೆ ಮಾಮ. ರಕ್ತ ಸರಿಯಾಗಿ ಬರ್ದೆ, ನೀವೂ ನಡೀದೆ, ಅರ್ಧಕ್ಕರ್ಧ ಆರಿ ಕೂತಿವೆ. ನೋವು ಶುರುವಾದ್ಮೇಲೂ ಸ್ವಲ್ಪ ನಡೀಬೇಕು. ಆಮೇಲೆ ನಿಲ್ಲಿ. ನೋವು ಹೋದ್ಮೇಲೆ ಮತ್ತೆ ನಡೀರಿ. ಆಗ ಒಲೆಗಳು ಮರಿ ಹಾಕ್ತವೆ."

"ಈ ವಯಸ್ಸಲ್ಲಿ ನನ್ನ ಕಾಲಿಗೆ ಬಾಣಂತನವೇನಮ್ಮ?" ಎಂದರು ಮಾಮ.

ಮೂರು ವಾರ ಕಳೆದು ಆಸ್ಪತ್ರೆಯ ಪಡಸಾಲೆಯಲ್ಲಿ ಅಳೆದಾಗ ಮಾಮನ ನಡಿಗೆ ಎಂಬತ್ನಾಲ್ಕೇ ಮೀಟರು. ಫಿಸಿಯೋ ಏನೂ ಬೈಯಲಿಲ್ಲ. "ದಿನಾ ನಡೀತಿದೀರಲ್ಲ?" ಎಂದು ಕೇಳಿದಳು. "ತಪ್ಪದೆ," ಎಂದರು ಮಾಮ. ಅದು ಸುಳ್ಳಾಗಿರಲಿಲ್ಲ.

ಆ ವಾರವೇ ಅವರ ಹೆಂಡತಿ ಸೋಪು ತರಲು ಹೊರಟವರು ಬೀದಿಯ ಮಕ್ಕಳ ಸಾಮಾನಿನ ಅಂಗಡಿಯ ಮುಂದೆ ಹಾದುಹೋದರು. ಒಳಗಿದ್ದ ಹುಡುಗಿ ಬಾಗಿಲಿಗೆ ಬಂದಳು.

"ಆಂಟಿ, ಮೊಮ್ಮಗು ಯಾವಾಗ? ಅಂಕಲ್ ದಿನಾ ಬಂದು ತೊಟ್ಟಿಲು ನೋಡ್ತಾರೆ. ಮಗಳಿಗೆ ಏಳು ತಿಂಗಳು ಅಂದ್ರು."

ಅವರಿಗೆ ಒಬ್ಬಳೇ ಮಗಳು. ಐವತ್ತೊಂದು ವರ್ಷ, ಮದುವೆಯಾಗಿಲ್ಲ, ಸರಕು ಲಾರಿ ಓಡಿಸುತ್ತಾಳೆ.

"ಇನ್ನೂ ಗೊತ್ತಿಲ್ಲಮ್ಮ. ನಮ್ಮವರನ್ನೇ ಕೇಳ್ಬೇಕು," ಎಂದು ಅವರು ಮುಂದೆ ನಡೆದರು.

ಮನೆಯಲ್ಲಿ ಮಾಮ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಹೆಂಡತಿ ಎದುರಿಗೆ ಕೂತರು.

"ರೀ, ಮಗಳು ಬಸುರಿಯಂತೆ."

ಮಾಮ ತಲೆ ಎತ್ತಲಿಲ್ಲ. ಇನ್ನೆರಡು ಉಗುರು ಮುಗಿಸಿ ಹೇಳಿದರು. ತೊಟ್ಟಿಲಂಗಡಿ ಮನೆಯಿಂದ ಎಪ್ಪತ್ತು ಮೀಟರಿನಲ್ಲಿದೆ. ನೋವು ಬರುವ ಮೊದಲೇ ಅಲ್ಲಿ ನಿಂತುಬಿಡುತ್ತಾರೆ. ಸುಮ್ಮನೆ ನಿಂತರೆ ಜನ ಏನಂದುಕೊಳ್ಳುತ್ತಾರೆ? ಆ ಹುಡುಗಿ ಕೇಳಿದಳು, ಬಾಯಿಗೆ ಬಂದದ್ದನ್ನು ಹೇಳಿದರು. ಆಮೇಲೆ ದಿನಕ್ಕೊಂದು ವಿವರ ಕೂಡಿಸಬೇಕಾಯಿತು.

"ನೋವು ಬಂದ್ಮೇಲೂ ನಡೀಬೇಕು ಅಂದಿದ್ರಲ್ಲ ಆ ಫಿಸಿಯೋ?"

"ನಡೆದ್ರೆ ಕುಂಟ್ತೀನಿ ಕಣೇ. ಈ ಬೀದೀಲಿ ಅರ್ಧ ಜನರ ತಲೆ ನನ್ನ ಕೈ ಕೆಳಗೆ ಬಗ್ಗಿದೆ. ಅವರ ಮುಂದೆ ಕುಂಟ್ಲಾ?"

"ಅವರ ಬೋಳು ನೀವು ನೋಡಿಲ್ವಾ? ನಿಮ್ಮ ಕುಂಟು ಅವರು ನೋಡ್ಲಿ ಬಿಡಿ."

ಮಾಮನಿಗೆ ಸಿಟ್ಟು ಬಂತು. ಮರುದಿನ ಹೆಂಡತಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಇಬ್ಬರೂ ಹೊರಟರು. ತೊಟ್ಟಿಲಂಗಡಿ ಬಂತು. ಮಾಮ ಒಳಗಿದ್ದ ಹುಡುಗಿಗೆ ಕೇಳುವಂತೆ, "ಮಗು ಇಲ್ಲಮ್ಮ, ಕಾಲು ನೋವು. ತಪ್ಪಾಯ್ತು," ಎಂದು ಹೇಳಿ ನಿಲ್ಲದೆ ಹೋದರು. ಔಷಧಿ ಅಂಗಡಿಯ ಹತ್ತಿರ ಹಿಂಡಲು ಶುರುವಾಯಿತು. ಹೆಂಡತಿ ಇಪ್ಪತ್ತು ಹೆಜ್ಜೆ ಎಣಿಸಿದರು. ಮಾಮ ಹಲ್ಲು ಕಚ್ಚಿ, ಎದ್ದು ಕಾಣುವಂತೆ ಕುಂಟಿ, ಇಪ್ಪತ್ತನ್ನೂ ಇಟ್ಟು ಬೀದಿದೀಪದ ಕಂಬ ಹಿಡಿದು ನಿಂತರು. ಎದುರಿಗೆ ಬಂದ ಇಬ್ಬರು ಗಿರಾಕಿಗಳು ನಮಸ್ಕಾರ ಹೇಳಿ ದಾಟಿದರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಇಪ್ಪತ್ತು ಮೂವತ್ತಾಯಿತು, ಮೂವತ್ತು ಐವತ್ತಾಯಿತು. ಆರನೆಯ ವಾರ ಪಡಸಾಲೆಯಲ್ಲಿ ನೂರಾ ಎಪ್ಪತ್ತು ಮೀಟರು ನಡೆದರು. ಕುರ್ಚಿಯಿಂದ ಐದು ಸಲ ಎದ್ದು ಕೂರುವುದು ಹದಿನಾರು ಸೆಕೆಂಡಿಗೆ ಇಳಿಯಿತು.

"ಈ ಲೆಕ್ಕಕ್ಕೆ ಆಪರೇಷನ್ ಬೇಡ ಅಂತಲೂ ಅನ್ಬಹುದಾ?" ಎಂದರು ಹೆಂಡತಿ, ಆಸೆಯಿಂದ.

"ಪಾದದಲ್ಲಿ ರಕ್ತದ ಒತ್ತಡ ಇನ್ನೂ ಕಡಿಮೆಯೇ ಇದೆ," ಎಂದರು ಸರ್ಜನ್. "ಬೇಕು. ಆದ್ರೆ ಈಗ ನನಗೆ ಧೈರ್ಯ ಇದೆ."

ಆಪರೇಷನ್ ನಾಲ್ಕು ಗಂಟೆ ನಡೆಯಿತು. ಕಾಲಿನಲ್ಲಿ ರಕ್ತ ಹರಿಯಿತು. ಎರಡನೆಯ ದಿನ ಹೃದಯದ ಬಡಿತ ತಾಳ ತಪ್ಪಿ ಮಾಮನನ್ನು ಮತ್ತೆ ತೀವ್ರ ನಿಗಾ ಘಟಕಕ್ಕೆ ಒಯ್ದರು. ಮಗಳು ಲಾರಿಯನ್ನು ದಾರಿಯಲ್ಲೇ ಬೇರೆಯವರಿಗೆ ಒಪ್ಪಿಸಿ ಬಂದಳು. ಮೂರು ದಿನದ ಮೇಲೆ ಬಡಿತ ಹದಕ್ಕೆ ಬಂತು. ಹನ್ನೊಂದನೆಯ ದಿನ ಅವರು ಮಗಳ ತೋಳು ಹಿಡಿದು ವಾರ್ಡಿನಿಂದ ಲಿಫ್ಟಿನವರೆಗೆ ತಾವೇ ನಡೆದರು.

ಆಮೇಲೆ ಭಾವಮೈದುನ ಅಂಗಡಿಯಲ್ಲಿ ಎತ್ತರದ ಸ್ಟೂಲು ತಂದಿಟ್ಟು, "ಭಾವ, ಕೂತೇ ಮಾಡಿ," ಎಂದ. ಮಾಮ ಒಂದು ತಿಂಗಳು ನೋಡಿದರು. ಕೂತು ಕತ್ತರಿ ಹಿಡಿಯುವುದು ಅವರಿಗೆ ಒಗ್ಗಲಿಲ್ಲ, ಗಿರಾಕಿಗಳ ಕುತ್ತಿಗೆಯೂ ಸೊಟ್ಟಗಾಗುತ್ತಿತ್ತು. ಕೆಲಸ ಬಿಟ್ಟರು. ಬೆಳಗಿನ ನಡಿಗೆಯನ್ನು ಬಿಡಲಿಲ್ಲ. ಹೆಂಡತಿಯ ಮೊಣಕಾಲು ನೋಯಲು ಶುರುವಾದದ್ದರಿಂದ ಈಗ ಅವರೇ ಆಕೆಗಾಗಿ ನಿಲ್ಲುತ್ತಾರೆ.