ಹಿಂದಿರುಗಿದರು

ಡಬ್ಬಿಯ ಮುಚ್ಚಳದ ಸಂದಿಯಿಂದ ಎಳ್ಳೆಣ್ಣೆಯ ವಾಸನೆ, ಗಂಜಿ ಇನ್ನೂ ಬೆಚ್ಚಗಿದೆ, ಯಾರಿಗೋಸ್ಕರ ಬೆಚ್ಚಗಿದೆಯೋ — ಸಿಸ್ಟರ್ ಒದಿಲಿಯಾ ಆಸ್ಪತ್ರೆಯ ನೆಲಮಾಳಿಗೆಯ ಬೆಂಚಿನಲ್ಲಿ ಕೂತು ಡಬ್ಬಿಯನ್ನು ತೊಡೆಗೆ ಒತ್ತಿ ಹಿಡಿದಿದ್ದಾಳೆ, ಎದುರಿನ ಬಾಗಿಲೊಳಗೆ ಜೆಫೆರಿನೊ ಬಿಳಿ ಬಟ್ಟೆ ಹೊದ್ದು ಮಲಗಿದ್ದಾನೆ, ಮೊನ್ನೆ ಮೀನುದೋಣಿಯಲ್ಲಿ ಹಗ್ಗ ಸುತ್ತುವ ಯಂತ್ರ ಎದೆಗೆ ಬಡಿದು ಬಿದ್ದವನು, ಅವಳದೇ ತಿಮೋರಿನವನು, ಮತ್ತು ಅವಳು ಇವತ್ತು ಬೆಳಿಗ್ಗೆ ಈ ಗಂಜಿ ಹಿಡಿದು ಅವನ ಬಿಡಾರಕ್ಕೆ ಹೋಗಿದ್ದಳು, ಥೂ, ನಗುನಗುತ್ತಾ ಹೋಗಿದ್ದಳು. ಇದು ಯಾರಿಗೆ ಮದ್ರೆ, ಅಂದ ಅವನ ಜೊತೆಗಾರ ಆಬಿಲಿಯು, ತಿಮೋರಿನವರಿಗೆ ಸಿಸ್ಟರೆಂದರೆ ಮದ್ರೆ, ಅಳುತ್ತಿದ್ದ ಮುಖವನ್ನೂ ಅವಳು ನೋಡಲಿಲ್ಲ, ಇನ್ಯಾರಿಗೆ, ಜೆಫೆರಿನೊಗೆ, ಆಸ್ಪತ್ರೆಯಿಂದ ಹಿಂದಿರುಗಿದನಲ್ಲ — ಮದ್ರೆ, ನಿಮಗೆ ಯಾರು ಹಾಗಂದರು, ಮಾಲೀಕ ಈಗಷ್ಟೇ ಬಂದು ಹೇಳಿದ, ಜೆಫೆರಿನೊ ಹೋಗಿಬಿಟ್ಟ. ಯಾರು ಅಂದರು, ಆಸ್ಪತ್ರೆಯವರೇ ಅಂದರು, ನಿನ್ನೆ ಸಂಜೆ ಫೋನಿನಲ್ಲಿ ಆ ನರ್ಸು, ದೊರಗಾಶ್ಯೊಸ್ಸೊಯೊ, ಹಿಂದಿರುಗಿದರು, ಈ ದೇಶದ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದ ಮಾತೇ, ಹೊಸದಾಗಿ ಕಲಿತದ್ದು, ದೊರಗಾ ಅಂದರೆ ಹಿಂದಿರುಗು, ನಡುವೆ ಶಿ ಸೇರಿಸಿದರೆ ಮರ್ಯಾದೆ, ಅಜ್ಜ ಮನೆಗೆ ಹಿಂದಿರುಗಿದರು, ಗುರುಗಳು ಊರಿಗೆ ಹಿಂದಿರುಗಿದರು, ಚೋಯ್ ಟೀಚರು ಹಲಗೆಗೆ ಕೋಲು ಬಡಿದು ಬಡಿದು ಹೇಳಿಸಿದ್ದಳು. ಆ ಶಿ ಕಿವಿಗೆ ಬಿದ್ದಾಗ ಏನು ಹಿಗ್ಗು, ನಮ್ಮ ಕೂಲಿಯವನಿಗೂ ಈ ದೇಶದಲ್ಲಿ ಒಬ್ಬರು ಬಹುವಚನ ಹಾಕಿದರಲ್ಲ ಎಂದು, ಆ ಹಿಗ್ಗಿನಲ್ಲೇ ತಿಮೋರಿಗೆ ಫೋನು, ಅವನ ಹೆಂಡತಿ ಫೆಲಿಜ್ಮಿನಾಗೆ, ಹೆದರಬೇಡಮ್ಮಾ, ಆಸ್ಪತ್ರೆಯಿಂದ ಬಿಟ್ಟರಂತೆ, ಬಿಡಾರಕ್ಕೆ ಹಿಂದಿರುಗಿದ — ಅವಳು ನಕ್ಕಳು, ಪಾಪ ಆ ಯಂತ್ರ ನೆಟ್ಟಗಿದೆಯಾ ಮದ್ರೆ, ನನ್ನ ಗಂಡನ ಎದೆ ಎಮ್ಮೆ ಎದೆ.

ಎಮ್ಮೆ ಎದೆ. ದಾರಿಯಲ್ಲಿ ಬಸ್ಸಿನಿಂದಲೇ ಚೋಯ್ ಟೀಚರಿಗೆ ಫೋನು ಮಾಡಿ ಕೇಳಿದ್ದಳು, ಆ ಮಾತಿಗೆ ಬೇರೆ ಅರ್ಥ ಇದೆಯಾ, ಅಯ್ಯಯ್ಯೋ ಸಿಸ್ಟರ್, ಎಲ್ಲಿಗೆ ಅನ್ನದೆ ಸುಮ್ಮನೆ ಹಾಗಂದರೆ ತೀರಿಕೊಂಡರು ಅಂತ, ಅದು ಮುಂದಿನ ಪಾಠದಲ್ಲಿ ಬರುತ್ತೆ. ಮುಂದಿನ ಪಾಠ! ಸೇಬು ಬಂತು, ಛತ್ರಿ ಬಂತು, ಅಂಚೆ ಕಚೇರಿ ಎಲ್ಲಿದೆ ಬಂತು, ಸಾವು ಮಾತ್ರ ಸರದಿಗೆ ನಿಂತಿತ್ತೇನು ಟೀಚರಮ್ಮಾ. ಇನ್ನು ಇಲ್ಲಿನ ಚರ್ಚಿನ ಆ ಫಾದರ್ ಬೆಕ್, ಮೊದಲ ದಿನವೇ ಬೆನ್ನು ತಟ್ಟಿ, ನಗುತ್ತಾ ಇರಿ ಸಿಸ್ಟರ್, ನಗುವಿಗೆ ವ್ಯಾಕರಣ ಬೇಡ — ನಕ್ಕಳಲ್ಲ ಫಾದರ್, ಅವನು ಸತ್ತ ಎಂದು ನರ್ಸು ಹೇಳಿದಾಗ ನಕ್ಕು, ಬಹಳ ಸಂತೋಷ, ಧನ್ಯವಾದ ಅಂದಳಲ್ಲ, ಆ ಹುಡುಗಿ ಫೋನು ಹಿಡಿದು ಉಸಿರೆತ್ತದೆ ನಿಂತಿದ್ದು ಈಗ ಕೇಳಿಸುತ್ತಿದೆ. ನಾಲಗೆ ಕಿತ್ತು ಹಾಕಬೇಕು. ಲಿಫ್ಟಿನ ಬಾಗಿಲು ತೆರೆಯಿತು, ದೋಣಿ ಮಾಲೀಕ, ಮಾ ಎಂಬವನು, ಕಪ್ಪು ಸೂಟು, ಕೈಯಲ್ಲಿ ಬಿಳಿ ಸೇವಂತಿಗೆ, ಸೊಂಟ ಬಗ್ಗಿಸಿ ಅದೇ ಮಾತು, ದೊರಗಾಶ್ಯೊಸ್ಸೊಯೊ, ಅದೇ ಶಿ, ಎಷ್ಟು ಮೆತ್ತಗೆ — ಇದೇ ಬಾಯಲ್ಲವೇ ದೋಣಿ ನಿಲ್ಲುವ ಜೆಟ್ಟಿಯ ಮೇಲೆ ಕೂಗುತ್ತಿದ್ದದ್ದು, ಏಯ್ ತಿಮೋರ್, ಎತ್ತೋ, ಏನೋ ನೋಡ್ತೀಯ, ಕತ್ತೆ, ಅವನಿಗೊಂದು ಹೆಸರಿದೆ ಎನ್ನುವುದೇ ಗೊತ್ತಿರಲಿಲ್ಲ, ಉಸಿರು ನಿಂತ ಮೇಲೆ ಬಂತು ಬಹುವಚನ, ಈ ಗಂಜಿಯನ್ನು ಆ ಮಿರುಗುವ ಬೂಟಿನ ಮೇಲೆ ಸುರಿಯಬೇಕು, ಸುರಿಯಲಿಲ್ಲ. ಮನೆಯವರಿಗೆ ತಿಳಿಸಿದ್ದೀರಲ್ಲ ಸಿಸ್ಟರ್, ಅಂದ ಮಾ. ತಿಳಿಸಿದ್ದೇನೆ. ಚೆನ್ನಾಗಿ ತಿಳಿಸಿದ್ದೇನೆ.

ಫೋನು ಜೇಬಿನಲ್ಲಿ ನಡುಗುತ್ತಿದೆ, ಮತ್ತೆ ಫೆಲಿಜ್ಮಿನಾಳೇ, ಬೆಳಗಿನಿಂದ ಎತ್ತಿಲ್ಲ, ಈ ಕಟ್ಟಡದಲ್ಲಿ ಅವಳ ಭಾಷೆ ಬಲ್ಲವರು ಇನ್ನೊಬ್ಬರಿಲ್ಲ, ನಿನ್ನೆ ಕೊಟ್ಟದ್ದನ್ನು ಇವತ್ತು ಕಿತ್ತುಕೊಳ್ಳಬೇಕಾದವಳು ಇವಳೇ, ಎತ್ತಿದಳು, ಪರದೆಯ ತುಂಬ ಫೆಲಿಜ್ಮಿನಾಳ ಮುಖ, ಅರ್ಧ ಬಾಚಿದ ತಲೆ, ಗುಂಗುರು ಕೂದಲಲ್ಲಿ ಸಿಕ್ಕಿಹಾಕಿಕೊಂಡ ಹಳದಿ ಬಾಚಣಿಗೆ. ಮದ್ರೆ, ಅವನು ಫೋನೇ ಎತ್ತುತ್ತಿಲ್ಲ, ಇನ್ನೂ ಬಿದ್ದುಕೊಂಡಿದ್ದಾನಾ ಸೋಮಾರಿ, ಎಬ್ಬಿಸಿ ಕೊಡಿ, ನನ್ನ ತಲೆ ನೋಡಿದರೆ ಭೂತ ಅಂತಾನೆ, ತಾಳಿ ಬಾಚಿಕೊಳ್ತೀನಿ — ಹೋದ ಅನ್ನಬಾರದು, ದೇವರ ಪಾದ ಸೇರಿದ ಅನ್ನಬಾರದು, ಒಂದೂ ಮೆತ್ತನೆ ಮಾತು ಆಡಬಾರದು, ಮೆತ್ತನೆ ಮಾತುಗಳೇ ಅಲ್ಲವೇ ಕೊಂದದ್ದು, ಹಳದಿ ಬಾಚಣಿಗೆ ಅಲ್ಲಾಡುತ್ತಿದೆ, ಅವಳು ನಗುತ್ತಿರುವುದರಿಂದ. ಫೆಲಿಜ್ಮಿನಾ, ಜೆಫೆರಿನೊ ಸತ್ತ. ನಿನ್ನೆಯೇ ಸತ್ತ. ನಾನು ತಪ್ಪು ತಿಳಿದೆ. ಇಲ್ಲ ಮದ್ರೆ, ನೀವೇ ಅಂದಿರಲ್ಲ, ಹಿಂದಿರುಗಿದ ಅಂತ, ನೀವೇ ಅಂದಿರಲ್ಲ, ಕೈ ತಲೆಯವರೆಗೆ ಏರಿತು, ಬಾಚಣಿಗೆಯನ್ನು ಮುಟ್ಟಿತು, ಎಳೆಯಲಿಲ್ಲ, ಹಳದಿ ಬಾಚಣಿಗೆ, ಅರ್ಧ ತಲೆಯಲ್ಲಿ, ಬಾಚಣಿಗೆ —