ಬಾಣಂತಿ ಕೋಣೆಯ ಕಿಟಕಿ

ಮಿಲಿಟರಿ ಬಂದು ರಜಾಕಾರರ ಗದ್ದಲ ಅಡಗಿ ಇಪ್ಪತ್ತು ದಿನವಾಗಿದ್ದರೂ ಭಾಲ್ಕಿಯ ಗುರಮ್ಮ ತನ್ನ ಒಳಕೋಣೆಯ ಕಿಟಕಿ ತೆರೆದಿರಲಿಲ್ಲ. ಶ್ರಾವಣದಲ್ಲಿ ರಜಾಕಾರರಿಗೆ ಅಂಜಿಕೊಂಡು ಸಂದುಗಳಿಗೆ ಚಿಂದಿ ತುರುಕಿ, ಮೇಲೆ ಗೋಣಿತಟ್ಟು ಬಡಿದಿದ್ದಳು. ಆಮೇಲೆ ಮಗಳು ಲಲಿತಾಬಾಯಿ ಚೊಚ್ಚಲ ಹೆರಿಗೆಗೆ ಠಾಣಾ ಕುಶನೂರದಿಂದ ಬಂದಳು. ಬಾಣಂತಿಗೆ ಗಾಳಿ ಸೋಕಬಾರದು. ಚಿಂದಿ ಅಲ್ಲೇ ಉಳಿಯಿತು. ದಿನಾ ಆ ಕೋಣೆಯ ಮೂಲೆಯಲ್ಲೇ ಕುದಿನೀರು ಎರೆಯುವುದು, ಮಂಚದ ಕೆಳಗೆ ಕೆಂಡ, ಅಜವಾನದ ಹೊಗೆ. ಮುಚ್ಚಿದ ಕೋಣೆಯಲ್ಲಿ ಗೋಡೆಯೇ ಬೆವರುತ್ತಿತ್ತು.

ಒಂದು ಮುಂಜಾನೆ ಗೋಣಿತಟ್ಟಿನ ಅಂಚು ಎತ್ತಿ ನೋಡಿದರೆ ಚೌಕಟ್ಟಿನ ತುಂಬ ಕರಿ ಚುಕ್ಕೆ, ಎಳ್ಳು ಚೆಲ್ಲಿದ ಹಾಗೆ. ಒಣ ಅರಿವೆಯಿಂದ ತಿಕ್ಕಿ ಝಾಡಿಸಿದಳು. ಮೂರನೆಯ ದಿನಕ್ಕೆ ಮರಳಿ ಬಂದವು, ಗೋಡೆಗೂ ಹತ್ತಿದವು. ಅದೇ ದಿನ ಕೂಸಿಗೆ ಕೆಮ್ಮು ಶುರುವಾಯಿತು. ಎರಡು ಗುಟುಕು ಹಾಲು ಕುಡಿದರೆ ಸಾಕು, ಕೆಮ್ಮಿ ಉಸಿರಿಗೆ ಒದ್ದಾಡುತ್ತಿತ್ತು.

ಕಿಟಕಿಯಾಚೆ ಒಂದು ಮಾರು ಗಲ್ಲಿ. ಅದರಾಚೆ ಹಾಜಿರಾಬೀಯ ಮನೆ. ಅವಳ ಗಂಡ ಚಾಂದ ಪಾಶಾ ಮನೆಗಳಿಗೆ ಸುಣ್ಣ ಬಳಿಯುವವ. ಮೊದಲೆಲ್ಲ ಎರಡು ಕಿಟಕಿಗಳ ನಡುವೆ ಹುಣಸೆಹಣ್ಣು, ಕಡ್ಡಿಪೆಟ್ಟಿಗೆ ಕೈಯಿಂದ ಕೈಗೆ ದಾಟುತ್ತಿದ್ದವು. ಈ ವರ್ಷ ಮಾತೂ ದಾಟಿರಲಿಲ್ಲ.

“ಆ ಕಡಿಂದ ಏನೋ ಊದ್ಯಾರ,” ಎಂದಳು ಗುರಮ್ಮ. “ಖಿಡಕಿಗೇ ಯಾಕ ಬರಬೇಕು? ಬಾಗಲಕ್ಕ ಯಾಕ ಬರಲಿಲ್ಲ?”

“ಮಾಟ ಮಾಡಂಗಿದ್ರ ನಿನಗ ಮಾಡ್ತಿದ್ರು ಬಿಡವ್ವಾ,” ಎಂದಳು ಲಲಿತಾಬಾಯಿ. “ಜಗಳಕ್ಕ ನಿಲ್ಲಾಕಿ ನೀನು.”

ಗುರಮ್ಮ ಸೆರಗು ಬಿಗಿದು ಹಾಜಿರಾಬೀಯ ಬಾಗಿಲಿಗೆ ಹೋದಳು. ಹಾಜಿರಾಬೀ ಅರ್ಧ ಬಾಗಿಲು ತೆರೆದು ಅದರ ತುಂಬ ನಿಂತಳು.

“ಏನ್ರಿ ಗುರಮ್ಮಕ್ಕಾ, ದಾರಿ ತಪ್ಪಿ ಬಂದೀರಿ?”

“ಚೂರು ಸುಣ್ಣ ಬೇಕಾಗಿತ್ತು.”

“ಎಲಿಗೆ ಹಚ್ಚಾಕೋ, ನಮ್ಮ ಮನಿ ನೋಡಾಕೋ?”

ಗುರಮ್ಮ ಅವಳ ಹೆಗಲ ಮೇಲಿಂದ ಇಣುಕಿದಳು. ಒಳಗಿನ ಕಿಟಕಿಗೂ ಚಿಂದಿ ತುರುಕಿತ್ತು. ಸುತ್ತ ಅದೇ ಕರಿ ಚುಕ್ಕೆ, ಅಂಗೈಯಗಲ ಹಬ್ಬಿತ್ತು.

“ನಿಮ್ಮನ್ಯಾಗೂ?”

“ಮಿಲಿಟ್ರಿ ಬಂದ ದಿನ ಮುಚ್ಚೀವ್ರಿ, ನಿಮ್ಮ ಮಂದಿ ನೋಡ್ಯಾರು ಅಂತ. ಆಮ್ಯಾಲ ಇದು ಹತ್ಯದ. ನೀವೇ ಏನರ ಮಂತ್ರಿಸಿ ಒಗದೀರಿ ಅಂದ್ಕೊಂಡಿದ್ದೆ. ದಿನಾ ನಿಮ್ಮ ಮನಿಂದ ಹೊಗಿ ವಾಸನಿ ಬರ್ತದಲ್ಲ.”

“ಅಜವಾನ ಅದು, ಹಾಜಿರಾ. ನಾಕು ಹಡದಾಕಿ, ಆ ವಾಸನಿ ಗೊತ್ತಿಲ್ಲೇನು?”

ಒಳಗೆ ಯಾರೋ ನಕ್ಕರು. ಹಾಜಿರಾಬೀಯ ಮುಖ ಬಿಳುಚಿತು. ಮೂಲೆಯಿಂದ ಚಾಂದ ಪಾಶಾ ಎದ್ದು ಬಂದ. ಮಿಲಿಟರಿಗೆ ಅಂಜಿ ಎರಡು ವಾರ ನೌಬಾದದ ಮಾವನ ಮನೆಯಲ್ಲಿ ಅಡಗಿದ್ದು, ಅಂದೇ ನಸುಕಿನಲ್ಲಿ ಮರಳಿದ್ದ. ಹಾಜಿರಾಬೀ ಬಾಗಿಲು ತುಂಬಿ ನಿಂತದ್ದು ಯಾಕೆಂದು ಗುರಮ್ಮನಿಗೆ ಈಗ ತಿಳಿಯಿತು.

“ಮಾಟ ಅಲ್ರಿ ಅಕ್ಕೋರೆ, ಬೂಷ್ಟ ಇದು,” ಎಂದ ಅವನು. “ಹಸಿ ಹೋಗಾಕ ದಾರಿ ಇರಲಿಲ್ಲಂದ್ರ ಹತ್ತತದ. ಒಣಾ ಅರಬಿಲೆ ಝಾಡಿಸೀರೇನು? ಕೂಸಿದ್ದ ಕೋಣ್ಯಾಗ? ಅದರ ಪುಡಿ ಹಾರಿ ಉಸರಿನಾಗ ಹೋಗ್ತದ.”

ಗುರಮ್ಮ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ತಾಯಿ ಕೂಸು ಇಬ್ಬರ್ನೂ ಪಡಸಾಲಿಗೆ ಹಾಕ್ರಿ. ಹಸಿ ಅರಬಿಲೆ ಒರಸಿ ಆ ಅರಬಿ ಸುಟ್ಟಬಿಡ್ರಿ. ಬಿಸಲಿಗೆ ಒಣಗಿಸಿ ಸುಣ್ಣ ಬಳೀರಿ. ನೀರು ಎರಿಯೋದು ಹೊರಗ ಬಚ್ಚಲದಾಗ. ದಿನಾ ಮಧ್ಯಾಹ್ನ ಖಿಡಕಿ ತೆರೀರಿ, ಇಲ್ಲಂದ್ರ ಮತ್ತ ಬರ್ತದ.”

ಕಿಟಕಿ ತೆರೆ ಎನ್ನುತ್ತಿದ್ದಾನೆ. ಯಾಕೆ?

“ಮೊದಲ ನಿಮ್ಮದು ತೆರೀರಿ,” ಎಂದಳು ಗುರಮ್ಮ.

“ನಮ್ಮದು ತೆರದ್ರ ಇವರು ಕಾಣ್ತಾರ,” ಎಂದಳು ಹಾಜಿರಾಬೀ. “ನಿಮ್ಮದು ತೆರದ್ರ ಬರೀ ಕೂಸು ಕಾಣ್ತದ.”

ಚಾಂದ ಪಾಶಾ ಸುಣ್ಣದ ಗಡಿಗೆ ತಂದಿಟ್ಟ. ಅದರಲ್ಲೂ ಏನಾದರೂ ಮಂತ್ರಿಸಿದ್ದಾರೋ ಎಂದು ಅವರ ಗೋಡೆಗೇ ಒಂದು ಗೀರು ಬಳಿಸಿ ನೋಡಿದ ಮೇಲೆ ಗುರಮ್ಮ ಅದನ್ನು ಮುಟ್ಟಿದಳು.

ಆ ಸಂಜೆ ಗುರಮ್ಮ ಬಾಣಂತಿಯನ್ನೂ ಕೂಸನ್ನೂ ಪಡಸಾಲೆಗೆ ತಂದಳು. ಕೆಮ್ಮು ತುಸು ಇಳಿಯಿತು, ಆದರೆ ಬೀದಿಬಾಗಿಲ ಗಾಳಿಗೆ ಲಲಿತಾಬಾಯಿ ನಡುಗತೊಡಗಿದಳು. ಅಲ್ಲಿ ಬಹಳ ದಿನ ಇಡುವ ಹಾಗಿರಲಿಲ್ಲ. ಮರುದಿನ ಗುರಮ್ಮ ಒಳಕೋಣೆಯ ಚೌಕಟ್ಟನ್ನೂ ಗೋಡೆಯನ್ನೂ ಹಸಿ ಅರಿವೆಯಿಂದ ಒರೆಸಿದಳು. ಮಧ್ಯಾಹ್ನವಾದರೂ ಪಸೆ ಆರಲಿಲ್ಲ. ಗೋಣಿತಟ್ಟು ಕಿತ್ತಳು. ಚಿಂದಿಗಳನ್ನು ಒಂದೊಂದಾಗಿ ಎಳೆದಳು. ಕದ ತೆರೆದು, ಒಳಗಿನದು ಯಾರಿಗೂ ಕಾಣದಂತೆ ಮೈಯಗಲಿಸಿ ನಿಂತಳು.

ಎದುರಿನ ಕದ ಒಂದು ಬೆರಳು ಸರಿಯಿತು. ಸಂದಿನಲ್ಲಿ ಒಂದು ಕಣ್ಣು.

“ಕೆಮ್ಮು ಹ್ಯಾಂಗದ್ರಿ?”

“ಹಾಲು ಕುಡದು ಮಲಗ್ಯದ.”

“ಇವರ ಸುದ್ದಿ ಯಾರರ ಕೇಳಿದ್ರ?”

“ನಾ ಖಿಡಕಿ ಒರಸಾಕಿ. ಮಂದೀನ ಒಪ್ಪಿಸಾಕಿ ಅಲ್ಲ.”

ಆ ಕಣ್ಣು ನಂಬಿದ ಹಾಗೆ ಕಾಣಲಿಲ್ಲ. ಗುರಮ್ಮನೂ ಅಲ್ಲಾಡಲಿಲ್ಲ. ಬಹಳ ಹೊತ್ತಿನ ಮೇಲೆ ಹಿಂತಿರುಗಿ ನೋಡಿದಳು. ಬಿಸಿಲು ಅವಳ ಬೆನ್ನಿಗೆ ಬೀಳುತ್ತಿತ್ತು, ಗೋಡೆಯ ಮೇಲೆ ಅವಳದೇ ನೆರಳು. ನೆರಳಿದ್ದಷ್ಟು ಜಾಗ ಇನ್ನೂ ಹಸಿಯಾಗಿತ್ತು.

ಮತ್ತೆ ಎದುರಿನ ಕಣ್ಣಿಗೆ ಕಣ್ಣು ನೆಟ್ಟು, ಗುರಮ್ಮ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.