ಬೇರಿನ ಕೆಳಗೆ

ಕ್ಲೇಟನ್ ಬೀಸಿದ ಗುದ್ದಲಿ ಮಣ್ಣು ಬಿಟ್ಟು ಬೇರಿಗೆ ಬಿತ್ತು. ಸ್ಮಶಾನದ ಬೇಲಿಯಾಚೆ ನಿಂತಿದ್ದ ಅವನ ಹೆಂಡತಿ ಲೀತಾ ಕೂಗಿದಳು.

"ನಿಲ್ಸು! ಅದು ಅಪ್ಪನ ಮರದ್ದು."

ಅವಳಿಗೆ ಆರು ತಿಂಗಳು. ತೆರೆದ ಗುಂಡಿಯ ಹತ್ತಿರ ಬಸುರಿ ಸುಳಿಯಬಾರದೆಂದು ಕೆಂಟಕಿಯ ಆ ಗುಡ್ಡದವರ ಕಟ್ಟುನಿಟ್ಟು. ಅಪ್ಪ ಹೋಬರ್ಟ್ ಕೆಳಗೆ ಮನೆಯಲ್ಲಿ ಶವಪೆಟ್ಟಿಗೆಯೊಳಗಿದ್ದ. ಅಮ್ಮನ ಸಮಾಧಿಯ ಪಕ್ಕದಲ್ಲಿ, ಅವಳ ತಲೆದೆಸೆಗೆ ಅವನೇ ಬೆಳೆಸಿದ ರೆಡ್‌ಬಡ್ ಮರದ ಬುಡದಲ್ಲೇ ಅವನನ್ನು ಇಡಬೇಕಿತ್ತು. ಮರಕ್ಕಿನ್ನೂ ಎಲೆಯಿಲ್ಲ. ಕಾಂಡದ ತೊಗಟೆಗೂ ಅಂಟಿಕೊಂಡಂತೆ ಬರೀ ನೇರಳೆಗೆಂಪು ಹೂವು.

"ಕಡಿದ್ಬಿಡು ಅಳಿಯ," ಎಂದ ಚಿಕ್ಕಪ್ಪ ಎನೋಸ್. "ಮರ ಹೋದ್ರೆ ಇನ್ನೊಂದು ನೆಟ್ರಾಯ್ತು."

"ತೋಳಿನಷ್ಟು ದಪ್ಪ ಇದೆ. ಕಡಿದ್ರೆ ಮರ ಉಳಿಯಲ್ಲ. ಆ ಕಡೆ ಅಗೆಯೋಣ," ಎಂದ ಕ್ಲೇಟನ್.

"ಶುರು ಮಾಡಿದ ಗುಂಡೀನ ಖಾಲಿ ಬಿಡ್ತೀಯಾ? ಅದು ಇದೇ ಮನೆಯಿಂದ ಇನ್ನೊಬ್ರನ್ನ ಕೇಳುತ್ತೆ ಕಣೋ!"

ಹಾಗೆಂದ ಎನೋಸ್ ಅವಳ ಹೊಟ್ಟೆಯ ಕಡೆ ಕಣ್ಣು ಹಾಯಿಸದೆ ಬೇರೆಲ್ಲೋ ನೋಡಿದ್ದು ಲೀತಾಳಿಗೆ ತಿಳಿಯಿತು. ಇಂಥ ಮಾತಿಗೆ ಕಿಸಕ್ಕನೆ ನಗುವವಳು ಅವಳು. ಈಗ ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡಳು.

*

ಅಮ್ಮ ತೀರಿಕೊಂಡ ವರ್ಷ, ಲೀತಾ ಇನ್ನೂ ಚಿಕ್ಕವಳಿದ್ದಾಗ, ಅಪ್ಪ ರೆಡ್‌ಬಡ್ ಬೀಜಗಳ ಮೇಲೆ ಕುದಿಯುವ ನೀರು ಸುರಿದಿದ್ದ.

"ಸತ್ತೋಗುತ್ತೆ ಅಪ್ಪಾ!"

"ಇಲ್ಲ ಪುಟ್ಟಿ. ಸಿಪ್ಪೆ ಕಲ್ಲಿನಂಥದ್ದು. ಬಿಸಿ ಮುಟ್ಟಿಸಿ, ಚಳಿಗಾಲ ಪೂರ್ತಿ ಥಂಡೀಲಿಟ್ರೇನೇ ಇದು ಕಣ್ಣು ಬಿಡೋದು."

ಕಲ್ಲಿದ್ದಲ ಗಣಿಯಿಂದ ಬಂದವನು ಮುಖದ ಮಸಿಯನ್ನೂ ತೊಳೆಯದೆ ಸಸಿಗೆ ನೀರು ಹೊತ್ತು ಗುಡ್ಡ ಹತ್ತುತ್ತಿದ್ದ. ಜಿಂಕೆ ಬಾಯಿ ಹಾಕದಂತೆ ತಂತಿ ಸುತ್ತಿದ, ಒಣಕೊಂಬೆ ಸವರಿದ. ಅದು ದೆವ್ವ ಕೂರೋ ಮರ ಎಂದು ಊರವರು ಹೆದರಿಸಿದರೆ, "ಕೂತ್ರೆ ಕೂರ್ಲಿ, ನನ್ನವಳಿಗೆ ಮಾತಿಗೊಬ್ರು ಸಿಕ್ಕಂಗಾಯ್ತು," ಎನ್ನುತ್ತಿದ್ದ.

*

"ಕಡೀಬೇಡಿ," ಎಂದಳು ಲೀತಾ. "ಗುಂಡಿ ಬಿಟ್ಟು ಬರಲೂಬೇಡಿ."

"ಹಂಗಾದ್ರೆ ಬೇರಿನ ಕೆಳಗಿಂದ ನುಗ್ತೀನಿ," ಎಂದ ಕ್ಲೇಟನ್. ಅವನೂ ಗಣಿಯವನೇ.

"ಹಲಗೆ ಆಸರೆ ಕೊಡ್ಕೊಂಡು ಹೋಗೋ."

"ಇಷ್ಟಗಲ ಮಣ್ಣಿಗೆ ಯಾತರ ಹಲಗೆ ಚಿಕ್ಕಪ್ಪ? ನಾನೇನು ಗುಡ್ಡ ಕೊರೀತಿದೀನಾ?"

ಗುಂಡಿಯನ್ನು ಆಳ ಮಾಡಿಕೊಂಡು, ಮಗ್ಗುಲಾಗಿ ಮಲಗಿ, ಬೇರಿನಡಿಗೆ ತೂರಿ ಅಗೆಯತೊಡಗಿದ. ಸ್ವಲ್ಪ ಹೊತ್ತಿಗೆ ದೊಪ್ಪೆಂದು ಮಣ್ಣು ಕುಸಿಯಿತು. ಗುದ್ದಲಿಯ ಸದ್ದು ನಿಂತಿತು.

"ಕ್ಲೇಟನ್!"

ಗುಂಡಿ ಕೇಳಿದ್ದು ಮಗುವನ್ನಲ್ಲ, ಇವನನ್ನೇ ಎಂದು ಲೀತಾಳಿಗೆ ಅನ್ನಿಸಿತು. ಬೇಲಿ ದಾಟಿದ್ದು ಅವಳಿಗೇ ಗೊತ್ತಾಗಲಿಲ್ಲ. ಕೆಳಗೆ ಎರಡು ಬೂಟು ಮಾತ್ರ ಕಾಣುತ್ತಿದ್ದವು.

"ಎಳೀರಿ ಚಿಕ್ಕಪ್ಪಾ, ಎಳೀರಿ!"

ಎನೋಸ್ ಗುಂಡಿಗೆ ಧುಮುಕಿ ಕಾಲು ಹಿಡಿದು ಜಗ್ಗಿದ. ಕ್ಲೇಟನ್ ಮೈಯೆಲ್ಲ ಮಣ್ಣಾಗಿ ಹೊರಬಂದು ಕೆಮ್ಮಿ, ಉಗಿದು, ಹೆಂಡತಿಯ ಮುಖ ನೋಡಿ ತಲೆ ತಗ್ಗಿಸಿದ.

"ಹಲಗೆ ತರ್ತೀನಿ," ಎಂದ.

ಮಧ್ಯಾಹ್ನ ಪಾದ್ರಿಯ ಪ್ರಾರ್ಥನೆ ಮುಗಿದು, ಹಗ್ಗಕ್ಕೆ ಕಟ್ಟಿದ ಪೆಟ್ಟಿಗೆ ಓರೆಯಾಗಿ ಇಳಿಯಿತು. ಬೇರಿನ ಹತ್ತಿರ ಬಂದು ಸಿಕ್ಕಿಕೊಂಡಿತು.

"ದೂರ ಹೋಗು ಮಗಳೇ," ಎಂದ ಎನೋಸ್.

ಲೀತಾ ಹೋಗಲಿಲ್ಲ. ಹೆದರಿಕೆ ಇನ್ನೂ ಇತ್ತು. ಗುಂಡಿಯ ಅಂಚಿಗೆ ಕೂತು, ಬಗ್ಗಿ, ಬೇರಿನಡಿಗೆ ಕೈ ತೂರಿಸಿ ಅದನ್ನು ಕೊಂಚ ಮೇಲಕ್ಕೆ ಎತ್ತಿ ಹಿಡಿದಳು. ಅಪ್ಪನ ಪೆಟ್ಟಿಗೆ ಅವಳ ಬೆರಳ ಗೆಣ್ಣುಗಳನ್ನು ತರಚಿಕೊಂಡು ನಿಧಾನವಾಗಿ ಒಳಕ್ಕೆ ಸರಿಯಿತು.